ಕಲ್ಲು ಮಗುಚಿ ನೋಡಿ: ಹಳ್ಳದ ಆರೋಗ್ಯ ತಿಳಿಯುವ ಬಗೆ

ನಮ್ಮ ತೋಟದ ಕೆಳಗೆ ಒಂದು ಹಳ್ಳ ಹರಿಯುತ್ತದೆ. ಸಿದ್ದಾಪುರ ತಾಲ್ಲೂಕಿನ ಕಾನಿನೊಳಗೆ ಒರತೆಯಾಗಿ ಹುಟ್ಟಿ, ಮೂರು ಮನೆಗಳ ಅಡಿಕೆ ತೋಟ ದಾಟಿ, ನಮ್ಮ ಗದ್ದೆಯ ಅಂಚಿನಲ್ಲಿ ತಿರುಗಿ, ಕೊನೆಗೆ ಅಘನಾಶಿನಿ ಸೇರುತ್ತದೆ. ಅದಕ್ಕೆ ಹೆಸರಿಲ್ಲ. ನಾವೆಲ್ಲ ಸುಮ್ನೆ ‘ಹಳ್ಳ’ ಅಂತೀವಿ. ಮದುವೆಯಾಗಿ ಈ ಮನೆಗೆ ಬಂದ 1997ರಿಂದಲೂ ಅದರ ಸದ್ದು ಕೇಳುತ್ತಲೇ ಇದ್ದೇನೆ.

2014ರ ನವೆಂಬರ್. ಮಳೆ ನಿಂತು ಮೂರು ವಾರ ಆಗಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಬೆಣಚುಕಲ್ಲುಗಳನ್ನು ಎಣಿಸಬಹುದಿತ್ತು. ಮನೆಗೆ ಬಂದ ನೆಂಟರು ಬೊಗಸೆಯಲ್ಲಿ ಎತ್ತಿ ಕುಡಿದು ‘ಎಂಥಾ ನೀರು!’ ಅಂದರು. ಅದೇ ವಾರ ನಾನೂ ಮಗನೂ ಹಳ್ಳಕ್ಕಿಳಿದು ಹತ್ತು ಕಲ್ಲು ಮಗುಚಿದೆವು. ಎರಡು ವರ್ಷದ ಹಿಂದೆ ಅವನ ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆ ಅಂತ ಅದೇ ಜಾಗದಲ್ಲಿ ಹುಡುಕಿದಾಗ 11 ಬಗೆಯ ಜೀವಿಗಳು ಸಿಕ್ಕಿದ್ದವು. ಈ ಸಲ ನಾಲ್ಕೇ. ಕಲ್ಲುಗಳ ಸಂದಿಯಲ್ಲಿ ಬಸವನಹುಳುವಿನ ಖಾಲಿ ಚಿಪ್ಪುಗಳು ಬಿದ್ದಿದ್ದವು. ಏಡಿ ಒಂದೂ ಇರಲಿಲ್ಲ.

ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಹಳ್ಳ ಚೆನ್ನಾಗಿದೆ ಅಂತ ಆವತ್ತಿನಿಂದ ನಾನು ನಂಬುವುದಿಲ್ಲ. ವರ್ಷಕ್ಕೆ ಮೂರು ಸಲ ಇಳಿದು ನೋಡುತ್ತೇನೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಾನು ವಿಜ್ಞಾನ ಓದಿದವಳಲ್ಲ. ಓದಿದವರ ಹತ್ತಿರ ಕೇಳಿ, ಮಾಡಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೂರಲ್ಲೂ ಒಂದು ಹಳ್ಳ ಇದ್ದರೆ ಈ ವರ್ಷವೇ ಶುರು ಮಾಡಿ.

ಎಲ್ಲಿ, ಯಾವಾಗ

ಇಡೀ ಹಳ್ಳ ನೋಡಲು ಹೋಗಬೇಡಿ. 100 ಮೀಟರ್ ಸಾಕು. ಆ ನೂರು ಮೀಟರಿನಲ್ಲಿ ಎರಡು ಬಗೆಯ ಜಾಗ ಇರಬೇಕು: ಕಲ್ಲುಗಳ ಮೇಲೆ ಜುಳುಜುಳು ಅಂತ ನೊರೆಯೆದ್ದು ಹರಿಯುವ ಜಾಗ, ನೀರು ನಿಂತು ತಿರುಗುವ ಮಡು. ಎರಡು ಕಡೆಯೂ ಬದಲಾಗದ ಗುರುತು ಇಟ್ಟುಕೊಳ್ಳಿ. ನನ್ನದು ಮೇಲಿನ ತುದಿಗೆ ಒಂದು ಅಪ್ಪೆಮಿಡಿ ಮರ, ಕೆಳಗಿನ ತುದಿಗೆ ಕಾಲುಸಂಕ. ಪ್ರತಿ ಸಲವೂ ಅದೇ ಜಾಗ ನೋಡಬೇಕು. ಜಾಗ ಬದಲಿಸಿದರೆ ಹೋದ ವರ್ಷದ ಲೆಕ್ಕಕ್ಕೂ ಈ ವರ್ಷದ ಲೆಕ್ಕಕ್ಕೂ ಸಂಬಂಧವೇ ಇರುವುದಿಲ್ಲ.

ಸಾಧ್ಯವಾದರೆ ಇನ್ನೊಂದು ಜಾಗವನ್ನೂ ಆರಿಸಿ. ನಿಮ್ಮ ಹಳ್ಳದ ಮೇಲ್ಭಾಗದಲ್ಲಿ, ತೋಟ, ಮನೆ, ರಸ್ತೆ ಯಾವುದೂ ಶುರುವಾಗುವ ಮೊದಲು, ಕಾಡಿನೊಳಗೆ ಹರಿಯುವ ಒಂದು ತುಂಡು. ಅದು ನಿಮಗೆ ಅಳತೆಗೋಲು. ಚೆನ್ನಾಗಿರುವ ಹಳ್ಳ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗುವುದೇ ಅಲ್ಲಿ. ರಕ್ಷಿತಾರಣ್ಯ, ವನ್ಯಧಾಮ ಆಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ.

ಮಳೆಗಾಲದಲ್ಲಿ ಇಳಿಯಬೇಡಿ. ಅಪಾಯ ಅನ್ನುವುದು ಮೊದಲ ಕಾರಣ. ಮೇಲೆ ಘಟ್ಟದಲ್ಲಿ ಮಳೆ ಬಿದ್ದರೆ ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹಳ್ಳ ಏರುತ್ತದೆ. ಎರಡನೆಯದು, ಪ್ರವಾಹದಲ್ಲಿ ಹುಳುಗಳೆಲ್ಲ ಕೊಚ್ಚಿಹೋಗಿರುತ್ತವೆ, ಲೆಕ್ಕ ಸಿಗುವುದಿಲ್ಲ. ನಾನು ನವೆಂಬರ್ ಕೊನೆ, ಫೆಬ್ರವರಿ ಕೊನೆ, ಏಪ್ರಿಲ್ ಕೊನೆ ಹೀಗೆ ಇಳಿಯುತ್ತೇನೆ. ಬೆಳಿಗ್ಗೆ ಎಂಟರಿಂದ ಹತ್ತೂವರೆ. ನಡುವೆ ಜೋರು ಮಳೆ ಬಂದರೆ ಎರಡು ವಾರ ಬಿಟ್ಟು ಹೋಗುತ್ತೇನೆ.

ಸಾಮಾನು ಎಲ್ಲ ಮನೆಯಲ್ಲೇ ಸಿಗುತ್ತದೆ. ಬಿಳಿ ತಟ್ಟೆ ಒಂದು. ಬಿಳಿಯೇ ಆಗಬೇಕು, ಹುಳು ಕಾಣುವುದೇ ಅದರ ಮೇಲೆ. ಚಹಾ ಸೋಸುವ ಜರಡಿ. ಮಕ್ಕಳ ಬಣ್ಣದ ಕುಂಚ, ಮೆತ್ತನೆಯದು. ಭೂತಗನ್ನಡಿ. ಹಳೇ ಸೊಳ್ಳೆಪರದೆಯ ಮೂರಡಿ ತುಂಡು, ಎರಡು ಕಡೆ ಕೋಲು ಕಟ್ಟಿದ್ದು. ಥರ್ಮಾಮೀಟರ್, ಅಳತೆ ಟೇಪು, ಒಂದು ನಿಂಬೆಹಣ್ಣು, ಅಂಗೈ ಅಗಲದ ಕನ್ನಡಿ, ಪೆನ್ಸಿಲ್. ಪೆನ್ನು ಬೇಡ, ಒದ್ದೆಯಾದರೆ ಬರೆದದ್ದು ಹೋಗುತ್ತದೆ. ಉಂಬಳಕ್ಕೆ ಸ್ವಲ್ಪ ಉಪ್ಪು. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಜೊತೆಗೆ ಒಬ್ಬರು ಇರಲೇಬೇಕು. ಒಬ್ಬರೇ ಇಳಿಯಬೇಡಿ.

ಮೊದಲು ದಡದಲ್ಲಿ ಕೂರಿ

ಹತ್ತು ನಿಮಿಷ ಏನೂ ಮುಟ್ಟದೆ ಕೂರಬೇಕು. ನೀರಿಗಿಳಿದ ಮೇಲೆ ಕೆಸರೆದ್ದು, ಮೀನು ಓಡಿಹೋಗಿ, ನೋಡಬೇಕಾದದ್ದು ಅರ್ಧ ಕಳೆದುಹೋಗುತ್ತದೆ.

ದಡದ ಗಿಡ ನೋಡಿ. ನಮ್ಮ ಕಡೆ ಮುಂಡಿಗೆ, ವಾಟೆ, ಹೊಳೆದಾಸವಾಳ ಒತ್ತಾಗಿ ಬೆಳೆದಿದ್ದರೆ ಆ ದಡ ಗಟ್ಟಿ ಅಂತ ಅರ್ಥ. ಮುಂಡಿಗೆಯ ಬೇರು ಮಣ್ಣನ್ನು ಬುಟ್ಟಿ ಹೆಣೆದ ಹಾಗೆ ಹಿಡಿದಿರುತ್ತದೆ. ಬೇರುಗಳೆಲ್ಲ ಗಾಳಿಯಲ್ಲಿ ನೇತಾಡುತ್ತಿದ್ದರೆ, ದರೆ ಹಸಿಹಸಿಯಾಗಿ ಕೆಂಪಗೆ ಕಾಣುತ್ತಿದ್ದರೆ ಅಲ್ಲಿ ಕೊರೆತ ನಡೆದಿದೆ. ಎಷ್ಟು ಮೀಟರ್ ಹಾಗಿದೆ ಅಂತ ಹೆಜ್ಜೆಯಲ್ಲಿ ಅಳೆದು ಬರೆಯಿರಿ. ನನ್ನ ಗುರುತಿನ ಅಪ್ಪೆಮಿಡಿ ಮರದ ಬುಡ ಹತ್ತು ವರ್ಷದಲ್ಲಿ ಒಂದೂವರೆ ಅಡಿ ಬಯಲಾಗಿದೆ. ಆ ಮರದ ಮಿಡಿ ಹಾಕಿದ ಉಪ್ಪಿನಕಾಯಿ ನಮ್ಮತ್ತೆಯ ಕಾಲದಿಂದ ಮನೆಯಲ್ಲಿದೆ. ಅದು ಬಿದ್ದರೆ ಅಂಥದ್ದು ಮತ್ತೆ ಸಿಗಲ್ಲ. ಹೊಳೆಸಾಲಿನ ಅಪ್ಪೆ ಮರಗಳು ಹೀಗೆ ಬೀಳುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನೆರಳು ಅಳೆಯಲು ಕನ್ನಡಿ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು 16 ಮನೆ ಮಾಡಿ. ಹಳ್ಳದ ನಡುವೆ ನಿಂತು, ಸೊಂಟದ ಮಟ್ಟದಲ್ಲಿ ಕನ್ನಡಿಯನ್ನು ಮೇಲ್ಮುಖವಾಗಿ ಹಿಡಿದು, ಎಲೆ ತುಂಬಿದ ಮನೆ ಎಷ್ಟು ಅಂತ ಎಣಿಸಿ. ಐದು ಜಾಗದಲ್ಲಿ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಕಾನಿನೊಳಗೆ ನನಗೆ 14, 15 ಸಿಗುತ್ತದೆ. ನಮ್ಮ ತೋಟದ ಬದಿಯಲ್ಲಿ 9. ನೆರಳು ಕಡಿಮೆಯಾದರೆ ನೀರು ಬಿಸಿಯಾಗುತ್ತದೆ, ಪಾಚಿ ಜಾಸ್ತಿಯಾಗುತ್ತದೆ, ಹಳ್ಳಕ್ಕೆ ಬೀಳುವ ಎಲೆ ಕಡಿಮೆಯಾಗುತ್ತದೆ. ಕಾಡಿನ ಸಣ್ಣ ಹಳ್ಳಕ್ಕೆ ಊಟವೇ ತರಗೆಲೆ. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಎಲೆಯ ಗುಪ್ಪೆ ಎತ್ತಿ ನೋಡಿ. ನರಗಳ ಬಲೆ ಮಾತ್ರ ಉಳಿದು ಹಸುರೆಲ್ಲ ತಿಂದುಹೋಗಿದ್ದರೆ ಅಲ್ಲಿ ತಿನ್ನುವವರು ಇದ್ದಾರೆ. ಎಲೆ ಕಪ್ಪಗೆ ಕೊಳೆತು ಕೊಳಚೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಸಾಲುತ್ತಿಲ್ಲ.

ಎರಡು ವಿಷಯ ಹೊಸಬರನ್ನು ಹೆದರಿಸುತ್ತವೆ. ಒಂದು, ಒರತೆಯ ಹತ್ತಿರ ನೀರಿನ ಮೇಲೆ ಕಾಮನಬಿಲ್ಲಿನ ಹಾಗೆ ಹೊಳೆಯುವ ಎಣ್ಣೆಯಂಥ ಪರೆ, ಪಕ್ಕದಲ್ಲಿ ಕಿತ್ತಳೆ ಬಣ್ಣದ ಲೋಳೆ. ಒಂದು ಕಡ್ಡಿಯಿಂದ ಅದನ್ನು ಕಲಕಿ. ಒಡೆದು ಚೂರುಚೂರಾಗಿ, ಚೂರುಗಳು ಹಾಗೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕೆಲಸ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಸಹಜ. ಕಲಕಿದ ಮೇಲೆ ಮತ್ತೆ ಹರಡಿ ಕೂಡಿಕೊಂಡರೆ ಅದು ನಿಜವಾದ ಎಣ್ಣೆ, ಪಂಪ್‌ಸೆಟ್ಟಿನದೋ ಗಾಡಿಯದೋ. ಎರಡನೆಯದು ನೊರೆ. ಎಲೆ ಕೊಳೆತು ಬರುವ ನೊರೆ ಕಂದು ಬಣ್ಣಕ್ಕೆ ತಿರುಗಿ ಮಣ್ಣಿನ ವಾಸನೆ ಬರುತ್ತದೆ. ಸೋಪಿನ ನೊರೆ ಬೆಳ್ಳಗಿರುತ್ತದೆ, ಸುವಾಸನೆಯೂ ಇರುತ್ತದೆ.

ಬೂದು ಬಣ್ಣದ ಹತ್ತಿಯಂಥ ಲೋಳೆ ಕಲ್ಲಿಗೆ ಅಂಟಿ ನೀರಲ್ಲಿ ಅಲ್ಲಾಡುತ್ತಿದ್ದರೆ ಮಾತ್ರ ಚಿಂತೆ ಮಾಡಬೇಕು. ಅಲ್ಲಿಗೆ ಎಲ್ಲಿಂದಲೋ ಕೊಳಚೆ ಸೇರುತ್ತಿದೆ. ಕಾಫಿ ಸೀಮೆಯವರು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಡೆಯುವ ದಿನಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಹಣ್ಣು ತೊಳೆದ ನೀರು ಹಾಗೇ ಹಳ್ಳಕ್ಕೆ ಬಂದರೆ ಅದನ್ನು ಕೊಳೆಸುವುದಕ್ಕೇ ನೀರಿನ ಆಮ್ಲಜನಕವೆಲ್ಲ ಖರ್ಚಾಗುತ್ತದೆ.

ನೀರಿನ ಅಳತೆ

ಹರಿವು ಅಳೆಯುವುದು ಸುಲಭ. ನೇರವಾಗಿ ಹರಿಯುವ 10 ಮೀಟರ್ ಅಳೆದು ಎರಡು ಕಡೆ ಹಗ್ಗ ಕಟ್ಟಿ. ಮೇಲಿನ ಹಗ್ಗಕ್ಕಿಂತ ಸ್ವಲ್ಪ ಮೇಲೆ ನಿಂಬೆಹಣ್ಣು ಬಿಟ್ಟು, ಎರಡು ಹಗ್ಗದ ನಡುವೆ ಎಷ್ಟು ಸೆಕೆಂಡು ಅಂತ ಫೋನಿನಲ್ಲಿ ನೋಡಿ. ನಿಂಬೆಹಣ್ಣು ಬಹುಪಾಲು ಮುಳುಗಿ ತೇಲುತ್ತದೆ, ಗಾಳಿ ತಳ್ಳುವುದಿಲ್ಲ, ಹಳದಿ ಬಣ್ಣ ದೂರಕ್ಕೂ ಕಾಣುತ್ತದೆ. ಐದು ಸಲ ಬಿಟ್ಟು ಸರಾಸರಿ ತೆಗೆಯಿರಿ. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಆಮೇಲೆ ಅಗಲ, ಐದಾರು ಕಡೆಯ ಆಳದ ಸರಾಸರಿ.

ಹೋದ ನವೆಂಬರಿನ ನನ್ನ ಲೆಕ್ಕ ನೋಡಿ. 10 ಮೀಟರಿಗೆ 25 ಸೆಕೆಂಡು, ಅಂದರೆ ಸೆಕೆಂಡಿಗೆ 0.4 ಮೀಟರ್. 0.85ರಿಂದ ಗುಣಿಸಿದರೆ 0.34. ಅಗಲ 2 ಮೀಟರ್, ಆಳ 0.15 ಮೀಟರ್. ಮೂರನ್ನೂ ಗುಣಿಸಿದರೆ 0.102 ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 100 ಲೀಟರ್. ಏಪ್ರಿಲ್ ಕೊನೆಗೆ ಅದೇ ಜಾಗದಲ್ಲಿ 8 ಲೀಟರ್. ಬೇಸಿಗೆಯಲ್ಲಿ ಎಷ್ಟು ಪಂಪು ಒಟ್ಟಿಗೆ ನಡೆದರೆ ಹಳ್ಳ ಬತ್ತುತ್ತದೆ ಅಂತ ಊರಲ್ಲಿ ಕೂತು ಮಾತಾಡುವಾಗ ಈ 8 ಅನ್ನುವ ಸಂಖ್ಯೆ ಬಹಳ ಕೆಲಸಕ್ಕೆ ಬಂತು. ಅದಕ್ಕೆ ಮೊದಲು ಒಬ್ಬೊಬ್ಬರು ಒಂದೊಂದು ಅಂದಾಜು ಹೇಳುತ್ತಿದ್ದರು.

ಬಿಸಿಲು ಬೀಳದ ಕಡೆ ಥರ್ಮಾಮೀಟರ್ ಎರಡು ನಿಮಿಷ ಅದ್ದಿ ನೋಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಆಮ್ಲಜನಕ ಅಳೆಯುವ ಕಿಟ್ ಸಿಗುತ್ತದೆ. ಶಾಲೆಯೋ ಸಂಘವೋ ಸೇರಿ ಕೊಂಡರೆ ಒಳ್ಳೆಯದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಮೊದಲ ದರ್ಜೆಯ ಕುಡಿಯುವ ನೀರಿನ ಮೂಲದಲ್ಲಿ ಇದು ಲೀಟರಿಗೆ 6 ಮಿಲಿಗ್ರಾಂ ಅಥವಾ ಜಾಸ್ತಿ, ಮೀನುಗಳಿಗೆ ಕನಿಷ್ಠ 4 ಇರಬೇಕು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 6.5ರಿಂದ 8.5.

ಆದರೆ ಕಿಟ್ ಇಲ್ಲ ಅಂತ ಕೆಲಸ ನಿಲ್ಲಿಸಬೇಡಿ. ಕಿಟ್ ಹೇಳುವುದು ಆ ಕ್ಷಣದ ಸುದ್ದಿ. ಕಳೆದ ಆರು ತಿಂಗಳ ಸುದ್ದಿ ಬೇಕಾದರೆ ಆರು ತಿಂಗಳಿಂದ ಅಲ್ಲೇ ಬದುಕಿರುವವರನ್ನು ಕೇಳಬೇಕು. ಅವರು ಕಲ್ಲಿನ ಅಡಿಯಲ್ಲಿದ್ದಾರೆ.

ಕಲ್ಲಿನ ಅಡಿ

ಜುಳುಜುಳು ಹರಿಯುವ ಜಾಗದಲ್ಲಿ, ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದ ಹತ್ತು ಕಲ್ಲು ಆರಿಸಿ. ಕೆಳಗಿನಿಂದ ಮೇಲಕ್ಕೆ ಹೋಗಿ, ಇಲ್ಲದಿದ್ದರೆ ನಿಮ್ಮ ಕಾಲಿನ ಕೆಸರು ಮುಂದಿನ ಜಾಗಕ್ಕೆ ಬರುತ್ತದೆ. ಕಲ್ಲು ಎತ್ತುವ ಮೊದಲು ಅದರ ಕೆಳಬದಿಗೆ ಜರಡಿ ಹಿಡಿಯಿರಿ, ತಪ್ಪಿಸಿಕೊಂಡವು ಅದರಲ್ಲಿ ಬೀಳುತ್ತವೆ.

ಎತ್ತಿದ ಕೂಡಲೇ ಕಲ್ಲನ್ನೇ ನೋಡಿ. ಮಣ್ಣಿನಲ್ಲಿ ಹೂತಿದ್ದ ಭಾಗಕ್ಕೂ ನೀರಿನಲ್ಲಿದ್ದ ಭಾಗಕ್ಕೂ ಬಣ್ಣದ ಗೆರೆ ಇರುತ್ತದೆ. ಕಾಲುಭಾಗ ಹೂತಿದ್ದರೆ ಚಿಂತೆಯಿಲ್ಲ. ಅರ್ಧಕ್ಕಿಂತ ಜಾಸ್ತಿ ಹೂತಿದ್ದರೆ ಮೇಲೆ ಎಲ್ಲೋ ಜೆಸಿಬಿ ದರೆ ಕಡಿದಿದೆ, ಇಲ್ಲವೇ ರಸ್ತೆಯ ಮಣ್ಣು ಬರುತ್ತಿದೆ. ಕಲ್ಲುಗಳ ನಡುವಿನ ಸಂದಿಯೇ ಈ ಜೀವಿಗಳ ಮನೆ. ಹೂಳು ತುಂಬಿದರೆ ಮನೆ ಮುಚ್ಚಿದ ಹಾಗೆ. ನೀರು ಎಷ್ಟೇ ಶುದ್ಧವಿದ್ದರೂ ಆಗ ಅವು ಇರುವುದಿಲ್ಲ.

ಕಲ್ಲನ್ನು ಬಿಳಿ ತಟ್ಟೆಯ ಮೇಲೆ ಹಿಡಿದು, ಕುಂಚದಿಂದ ಮೆಲ್ಲಗೆ ಸವರಿ ಹುಳುಗಳನ್ನು ತಟ್ಟೆಯ ನೀರಿಗೆ ಇಳಿಸಿ. ಹತ್ತು ಕಲ್ಲು ಆದ ಮೇಲೆ ಸೊಳ್ಳೆಪರದೆ. ಒಬ್ಬರು ಪರದೆಯನ್ನು ನೀರಿಗೆ ಅಡ್ಡವಾಗಿ ತಳಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಅದರ ಮೇಲ್ಬದಿಯಲ್ಲಿ ನಿಂತು ಒಂದು ನಿಮಿಷ ಕಾಲಿನಿಂದ ಜಲ್ಲಿ ಕೆದಕಬೇಕು. ಮೂರು ಜಾಗದಲ್ಲಿ ಹೀಗೆ ಮಾಡಿ. ತಟ್ಟೆಯನ್ನು ನೆರಳಲ್ಲಿಟ್ಟು ಐದು ನಿಮಿಷ ಸುಮ್ಮನಿರಿ. ಮೊದಲು ಬರೀ ಕಸ ಕಾಣುತ್ತದೆ. ಆಮೇಲೆ ಕಸ ನಡೆಯಲು ಶುರುಮಾಡುತ್ತದೆ!

ಸಿಕ್ಕವನ್ನು ಮೂರು ಗುಂಪು ಮಾಡಿಕೊಳ್ಳಿ: ಕೊಳೆ ತಾಳದ ಸೂಕ್ಷ್ಮದವು ಮೊದಲನೆಯದು, ನಡುವಿನವು ಎರಡನೆಯದು, ಕೊಳೆಯಲ್ಲೂ ಬದುಕುವವು ಕೊನೆಯದು. ಮೊದಲು ಹುಡುಕಬೇಕಾದದ್ದು ಸ್ಟೋನ್‌ಫ್ಲೈ ಮರಿ. ನಮ್ಮ ಮನೆಯಲ್ಲಿ ಅದಕ್ಕೆ ‘ಎರಡುಬಾಲದ ಹುಳ’ ಅಂತ ಹೆಸರು. ಹಳದಿ-ಕಂದು ಬಣ್ಣ, ಎರಡು ಬಾಲ, ಪ್ರತಿ ಕಾಲಿನ ತುದಿಗೆ ಎರಡು ಉಗುರು, ಕಾಲುಗಳ ಬುಡದಲ್ಲಿ ಹತ್ತಿಯ ಎಳೆಯಂಥ ಕಿವಿರು. ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿ. ತಟ್ಟೆಯ ನೀರು ಹರಿಯುವುದಿಲ್ಲ, ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಅದು ಕಾಲೂರಿಕೊಂಡು ಮೈಯನ್ನು ಮೇಲೆ ಕೆಳಗೆ ಮಾಡುತ್ತದೆ, ಗರಡಿಯಲ್ಲಿ ದಂಡ ಹೊಡೆಯುವ ಹಾಗೆ. ಹಾಗೆ ಮಾಡಿ ಕಿವಿರಿನ ಮೇಲೆ ಹೊಸ ನೀರು ಹಾಯಿಸಿಕೊಳ್ಳುತ್ತದೆ. ನನ್ನ ಮಗ ಇದನ್ನು ಮೊದಲ ಸಲ ನೋಡಿದಾಗ ‘ಅಮ್ಮಾ, ಅದಕ್ಕೆ ಉಸಿರು ಕಟ್ತಾ ಇದೆ’ ಅಂದ. ನಿಜ. ತಕ್ಷಣ ಹಳ್ಳಕ್ಕೆ ಬಿಟ್ಟೆವು. ನೀವೂ ಅದು ದಂಡ ಹೊಡೆಯಲು ಶುರುಮಾಡಿದ ಕೂಡಲೇ ಬಿಟ್ಟುಬಿಡಿ. ಎಲ್ಲಕ್ಕಿಂತ ಮೊದಲು ಹಳ್ಳ ಬಿಟ್ಟು ಹೋಗುವುದು ಇದೇ.

ಎರಡನೆಯದು ಮೇಫ್ಲೈ ಮರಿ, ‘ಮೂರುಬಾಲದ ಹುಳ’. ಹೊಟ್ಟೆಯ ಎರಡು ಪಕ್ಕದಲ್ಲಿ ಸಣ್ಣ ಎಲೆಗಳಂಥ ಕಿವಿರಿನ ಸಾಲು ಇರುತ್ತದೆ. ಕೆಲವಕ್ಕೆ ಎರಡೇ ಬಾಲ, ಆದ್ದರಿಂದ ಬಾಲ ನೋಡಿ ಮೋಸ ಹೋಗಬೇಡಿ. ಹೊಟ್ಟೆಯ ಪಕ್ಕ ಕಿವಿರು, ಕಾಲಿಗೆ ಒಂದೇ ಉಗುರು ಇದ್ದರೆ ಮೇಫ್ಲೈ. ಇದರಲ್ಲಿ ಎರಡು ತರಹ ಬೇರೆಬೇರೆ ಬರೆಯಿರಿ. ಕಲ್ಲಿಗೆ ಅಂಟಿಕೊಂಡು ಸರಿದಾಡುವ ಚಪ್ಪಟೆ ಹುಳು, ಕಣ್ಣು ತಲೆಯ ಮೇಲೆ ಇರುವುದು. ಇದು ಬಹಳ ಸೂಕ್ಷ್ಮ. ಮೀನಿನ ಹಾಗೆ ಚುರುಕಾಗಿ ಈಜುವ ತೆಳ್ಳನೆಯದು. ಇದು ಸ್ವಲ್ಪ ಕೊಳೆ ತಾಳಿಕೊಳ್ಳುತ್ತದೆ.

ಮೂರನೆಯದು ಕ್ಯಾಡಿಸ್‌ಫ್ಲೈ, ಮನೆ ಕಟ್ಟುವ ಹುಳು. ಬಾಯಿಯಿಂದ ರೇಷ್ಮೆ ತೆಗೆದು ಮರಳಿನ ಕಾಳು ಅಂಟಿಸಿ ಕೊಳವೆ ಮಾಡಿಕೊಂಡು ಅದರೊಳಗೆ ಇರುತ್ತದೆ. ನಮ್ಮ ಹಳ್ಳದ ಮಡುವಿನಲ್ಲಿ ಇನ್ನೊಂದು ಇದೆ: ಎರಡು ಎಲೆ ಚೂರುಗಳನ್ನು ಅಂಡಾಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಹೊಲಿದು, ನಡುವೆ ಮಲಗಿರುತ್ತದೆ. ಮೇಲಿನ ಚೂರು ಸ್ವಲ್ಪ ದೊಡ್ಡದು, ಸೂರಿನ ಹಾಗೆ. ನಾನು ಎಷ್ಟೋ ವರ್ಷ ಅದನ್ನು ತರಗೆಲೆ ಅಂದುಕೊಂಡೇ ತಳ್ಳಿದ್ದೆ. ಮನೆ ಹೊತ್ತು ನಡೆಯುವ ಇವು ಸೂಕ್ಷ್ಮ ಜೀವಿಗಳು. ಕಲ್ಲುಗಳ ನಡುವೆ ಬಲೆ ಕಟ್ಟಿ ಹರಿದು ಬಂದದ್ದನ್ನು ಹಿಡಿಯುವ ಕ್ಯಾಡಿಸ್ ಸ್ವಲ್ಪ ಗಟ್ಟಿ, ಅದನ್ನು ಎರಡನೇ ಗುಂಪಿಗೆ ಹಾಕಿ.

ಕಲ್ಲಿನ ಅಡಿಗೆ ಹಳೇ ತಾಮ್ರದ ಕಾಸು ಅಂಟಿದ ಹಾಗೆ ಕಂಡರೆ ಉಗುರಿನಿಂದ ಕೀಳಬೇಡಿ. ಅದು ಒಂದು ಬಗೆಯ ಜೀರುಂಡೆಯ ಮರಿ. ಇದೂ ಮೊದಲ ಗುಂಪು.

ಉಳಿದವರನ್ನು ನೀವು ಆಗಲೇ ಬಲ್ಲಿರಿ. ಏರೋಪ್ಲೇನ್ ಚಿಟ್ಟೆಯ ಮರಿ, ಅದರ ತೆಳ್ಳನೆಯ ತಮ್ಮನ ಮರಿ, ಏಡಿ, ಸೀಗಡಿ. ಇವು ಎರಡನೇ ಗುಂಪು. ಏಡಿ ಹಿಡಿದರೆ ಹೊಟ್ಟೆ ನೋಡಿ. ಹಳ್ಳದ ಏಡಿ ಮರಿಗಳನ್ನು ಹೊಟ್ಟೆಯಡಿಯೇ ಇಟ್ಟುಕೊಂಡು ತಿರುಗುತ್ತದೆ. ಅಂಥದ್ದು ಸಿಕ್ಕರೆ ಕೂಡಲೇ ಅದೇ ಕಲ್ಲಿನಡಿ ಬಿಡಿ.

ಕೊನೆಯ ಗುಂಪು ಕೊಳೆಯಲ್ಲೂ ಬದುಕುವವರು. ಕೆಂಪು ದಾರದಂಥ ಹುಳು ಮುಖ್ಯ. ಅದರ ಮೈಯಲ್ಲಿ ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ಕಡಿಮೆ ಇರುವಲ್ಲೂ ಎಳೆದುಕೊಳ್ಳುತ್ತದೆ. ಕೆಸರಿನ ಎರೆ, ಜಿಗಣೆ ಇದೇ ಗುಂಪು. ಇವು ಒಂದೆರಡು ಇದ್ದರೆ ಹಳ್ಳ ಕೆಟ್ಟಿದೆ ಅಂತಲ್ಲ, ಒಳ್ಳೆಯ ಹಳ್ಳದಲ್ಲೂ ಇರುತ್ತವೆ. ಇವು ಮಾತ್ರ ಇದ್ದರೆ ಕೆಟ್ಟಿದೆ.

ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಹುಳು, ಸೊಳ್ಳೆ ಮರಿ ಇವನ್ನು ಲೆಕ್ಕಕ್ಕೆ ಸೇರಿಸಬೇಡಿ. ಅವು ಮೇಲಿನ ಗಾಳಿಯನ್ನೇ ಉಸಿರಾಡುತ್ತವೆ. ನೀರೊಳಗಿನ ಸ್ಥಿತಿಯನ್ನು ಅವು ಹೇಳಲಾರವು.

ಲೆಕ್ಕ

ಬ್ರಿಟನ್ನಿನಲ್ಲಿ ಹುಟ್ಟಿದ ಒಂದು ಪದ್ಧತಿಯಲ್ಲಿ ಒಂದೊಂದು ಕುಟುಂಬದ ಹುಳುವಿಗೂ 1ರಿಂದ 10ರವರೆಗೆ ಅಂಕ ಇದೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದನ್ನು ನಮ್ಮ ನದಿಗಳಿಗೆ ಹೊಂದಿಸಿ ಬಳಸಿದೆ. ಅಷ್ಟು ಕುಟುಂಬ ಗುರುತಿಸಲು ನನಗೆ ಬರುವುದಿಲ್ಲ. ಆದ್ದರಿಂದ ನಾನು ಮೂರೇ ಅಂಕ ಇಟ್ಟುಕೊಂಡಿದ್ದೇನೆ: ಸೂಕ್ಷ್ಮದವಕ್ಕೆ 3, ನಡುವಿನವಕ್ಕೆ 2, ಕೊಳೆಯಲ್ಲೂ ಬದುಕುವವಕ್ಕೆ 1. ಒಂದು ಬಗೆಗೆ ಒಂದೇ ಸಲ ಅಂಕ, ಒಂದು ಸಿಗಲಿ ನೂರು ಸಿಗಲಿ. ಕೂಡಿಸಿ, ಬಗೆಗಳ ಸಂಖ್ಯೆಯಿಂದ ಭಾಗಿಸಿ.

2012ರಲ್ಲಿ ಮೊದಲ ಗುಂಪಿನವು ನಾಲ್ಕು, ಎರಡನೆಯವು ಆರು, ಕೆಂಪು ಹುಳು ಒಂದು. 12, 12, 1, ಒಟ್ಟು 25. ಹನ್ನೊಂದರಿಂದ ಭಾಗಿಸಿದರೆ 2.3. 2014ರಲ್ಲಿ ಬಲೆಕಟ್ಟುವ ಕ್ಯಾಡಿಸ್, ಏರೋಪ್ಲೇನ್ ಚಿಟ್ಟೆ ಮರಿ, ಕೆಂಪು ಹುಳು, ಕೆಸರೆರೆ. ಒಟ್ಟು 6, ನಾಲ್ಕರಿಂದ ಭಾಗಿಸಿದರೆ 1.5. ನಮ್ಮ ಹಳ್ಳಕ್ಕೆ 2ಕ್ಕಿಂತ ಮೇಲೆ ಬಂದರೆ ನನಗೆ ಸಮಾಧಾನ. 1.5ಕ್ಕೆ ಇಳಿದರೆ ಮೇಲಕ್ಕೆ ನಡೆದು ಕಾರಣ ಹುಡುಕುತ್ತೇನೆ. ಸರಾಸರಿಯ ಜೊತೆಗೆ ಒಟ್ಟು ಬಗೆ ಎಷ್ಟು ಅನ್ನುವುದನ್ನೂ ಬರೆಯಿರಿ. 11ರಿಂದ 4ಕ್ಕೆ ಬಿದ್ದದ್ದು ಸರಾಸರಿಯಲ್ಲಿ ಪೂರ್ತಿ ಕಾಣುವುದಿಲ್ಲ. ಈ ಅಂಕ ನಿಮ್ಮ ಹಳ್ಳವನ್ನು ಅದೇ ಹಳ್ಳದ ಹೋದ ವರ್ಷಕ್ಕೆ ಹೋಲಿಸಲು. ಪಕ್ಕದೂರಿನ ಹಳ್ಳದ ಜೊತೆ ಪೈಪೋಟಿಗೆ ಅಲ್ಲ.

ಒಂದು ಎಚ್ಚರಿಕೆ. ಎರಡುಬಾಲದ ಹುಳ ಇದ್ದ ಮಾತ್ರಕ್ಕೆ ನೀರು ಕುಡಿಯಬಹುದು ಅಂತಲ್ಲ. ಮನುಷ್ಯರ, ದನಗಳ ಹೊಟ್ಟೆಯಿಂದ ಬರುವ ರೋಗಾಣುಗಳ ವಿಷಯ ಈ ಹುಳುಗಳಿಗೆ ಗೊತ್ತಾಗುವುದಿಲ್ಲ. ಕುಡಿಯುವ ನೀರು ಕುದಿಸಲೇಬೇಕು.

ಮಳೆ ಶುರುವಾದ ಮೇಲೆ ಇಳಿಯದೆ, ದಡದಲ್ಲೇ ನಿಂತು ಕಿವಿಯಿಂದ ಮಾಡುವ ಕೆಲಸ ಒಂದಿದೆ. ಖಾಲಿ ಮಡಕೆಗೆ ಬೆರಳಲ್ಲಿ ಕುಟ್ಟಿದ ಹಾಗೆ ‘ಟೊಕ್, ಟೊಕ್’ ಅಂತ ರಾತ್ರಿ ಕೇಳಿದರೆ ಅದು ಕುಂಬಾರ ಕಪ್ಪೆ. ನಮ್ಮ ತಾಲ್ಲೂಕಿನ ಕತ್ತಲೆಕಾನಿನಲ್ಲೇ ಕಂಡುಬಂದು 2014ರಲ್ಲಿ ಹೊಸ ಪ್ರಭೇದ ಅಂತ ದಾಖಲಾಯಿತು. ಗಂಡು ಕಪ್ಪೆ ಹಳ್ಳದ ಕೆಸರನ್ನು ಕೈಯಲ್ಲಿ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಅದಕ್ಕೇ ಆ ಹೆಸರು. ಯಾವ ದಿನ ಮೊದಲು ಕೇಳಿತು ಅಂತ ಬರೆದಿಡಿ. ಜೊತೆಗೆ, ಜೋರು ಮಳೆಯ ಮೇಲೆ ಕೆಂಪಾದ ನೀರು ತಿಳಿಯಾಗಲು ಎಷ್ಟು ಗಂಟೆ ಬೇಕಾಯಿತು ಅನ್ನುವುದನ್ನೂ ಬರೆಯಿರಿ. ನಮ್ಮಲ್ಲಿ ಮೊದಲು ಒಂದು ದಿನ ಸಾಕಿತ್ತು. ಮೇಲೆ ರಸ್ತೆ ಅಗಲ ಮಾಡಿದ ಮೇಲೆ ಮೂರು ದಿನ ಬೇಕು.

ಕಾರಣ ಹುಡುಕುವುದು

2014ಕ್ಕೆ ವಾಪಸ್ ಬರುತ್ತೇನೆ. ಆಗ ನೀರನ್ನು ಪರೀಕ್ಷೆಗೆ ಕೊಟ್ಟೆವು. ಪಿಎಚ್, ಗಡಸುತನ, ಕಬ್ಬಿಣ ಎಲ್ಲ ಸರಿಯಿದೆ ಅಂತ ಚೀಟಿ ಬಂತು. ಆದರೆ ಕಾಣೆಯಾದವರ ಪಟ್ಟಿ ಬೇರೆ ಏನೋ ಹೇಳುತ್ತಿತ್ತು. ಬಚ್ಚಲ ನೀರೋ ಸಗಣಿ ನೀರೋ ಸೇರಿದ್ದರೆ ಕೆಂಪು ಹುಳು ತುಂಬಿ, ಪಾಚಿ ಬೆಳೆದು, ಬಸವನಹುಳು ಇನ್ನೂ ಜಾಸ್ತಿ ಆಗಬೇಕಿತ್ತು. ಇಲ್ಲಿ ಮೊದಲು ಸತ್ತದ್ದೇ ಬಸವನಹುಳು, ಏಡಿ, ಸೀಗಡಿ. ಏರೋಪ್ಲೇನ್ ಚಿಟ್ಟೆ ಮರಿಯೇನೋ ಆರಾಮವಾಗಿತ್ತು. ಕಲ್ಲಿನ ಮೇಲೆ ಪಾಚಿಯೂ ಇರಲಿಲ್ಲ. ಬಸವನಹುಳುವನ್ನೂ ಪಾಚಿಯನ್ನೂ ಒಟ್ಟಿಗೆ ಕೊಲ್ಲುವಂಥದ್ದು ನಮ್ಮ ಊರಲ್ಲಿ ಒಂದೇ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್.

ಅಡಿಕೆಯ ಕೊಳೆ ರೋಗಕ್ಕೆ ನಾವೆಲ್ಲ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ವರ್ಷ ಮಳೆ ಬಿಡದೆ ಹಿಡಿದು, ಸೆಪ್ಟೆಂಬರ್ ಕೊನೆಗೆ ಮೂರನೇ ಸಲ ಹೊಡೆಸಿದ್ದೆವು. ಉಳಿದ ದ್ರಾವಣ, ಡ್ರಮ್ಮಿನ ತಳದ ಗಸಿ ಎಲ್ಲ ತೊಳೆದದ್ದು ಹಳ್ಳದಲ್ಲೇ, ಅಪ್ಪೆಮಿಡಿ ಮರದ ಹತ್ತಿರ. ನಮ್ಮ ಮನೆಯ ಡ್ರಮ್ಮು, ನಮ್ಮ ಕೈ. ಮೇಲಿನ ಎರಡು ಮನೆಯವರೂ ಹಾಗೇ ತೊಳೆದಿದ್ದರು. ಪರೀಕ್ಷೆಯ ಚೀಟಿಯಲ್ಲಿ ತಾಮ್ರದ ಹೆಸರೇ ಇರಲಿಲ್ಲ. ಕೇಳಿ ಮಾಡಿಸಬೇಕಿತ್ತು, ನನಗೆ ಗೊತ್ತಿರಲಿಲ್ಲ. ನೀವು ಕೊಡುವಾಗ ಏನನ್ನು ನೋಡಬೇಕು ಅಂತ ಹೇಳಿಯೇ ಕೊಡಿ.

ಸಾಬೀತು ಮಾಡಲು ನನ್ನ ಹತ್ತಿರ ಚೀಟಿ ಇಲ್ಲ, ನೋಟ್‌ಬುಕ್ ಇದೆ. ಮುಂದಿನ ವರ್ಷ ಹಳ್ಳದಲ್ಲಿ ತೊಳೆಯುವುದು ನಿಲ್ಲಿಸಿದೆವು. 2015ರ ನವೆಂಬರಿನಲ್ಲಿ 7 ಬಗೆ. 2016ರಲ್ಲಿ 10. ಎರಡುಬಾಲದ ಹುಳ ಮಾತ್ರ 2017ರವರೆಗೂ ಬರಲಿಲ್ಲ.

ಮೇಲಿನ ಮನೆಯ ಅಣ್ಣನಿಗೆ ಇದನ್ನು ಹೇಳುವುದು ಹೇಗೆ ಅಂತ ಯೋಚನೆಯಾಗಿತ್ತು. ಮಾತಿನಲ್ಲಿ ಹೇಳಿದರೆ ಜಗಳ ಅನ್ನಿಸುತ್ತದೆ. ಒಂದು ಬೆಳಿಗ್ಗೆ ಕಾನಿನ ಹಳ್ಳದಿಂದ ಒಂದು ತಟ್ಟೆ, ನಮ್ಮ ಹಳ್ಳದಿಂದ ಒಂದು ತಟ್ಟೆ ತುಂಬಿಕೊಂಡು ಅವರ ಅಂಗಳಕ್ಕೇ ಹೋದೆ. ‘ಎಂಥ ತಂದಿದ್ದೀ ತಂಗೀ?’ ಅಂದರು. ಎರಡನ್ನೂ ಜಗುಲಿಯ ಮೇಲೆ ಪಕ್ಕಪಕ್ಕ ಇಟ್ಟೆ. ಅವರು ಭೂತಗನ್ನಡಿ ಹಿಡಿದು ಮೊದಲನೆಯದನ್ನು ಕಾಲು ಗಂಟೆ ನೋಡಿದರು. ಎರಡನೆಯದನ್ನು ನೋಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ಅವರೇ ‘ನಾವು ಸಣ್ಣವರಿದ್ದಾಗ ಇಲ್ಲಿ ಏಡಿ ಎಷ್ಟಿತ್ತು’ ಅಂತ ಶುರುಮಾಡಿದರು.

ನೀವು ಬರೆದಿಟ್ಟ ಲೆಕ್ಕವನ್ನು ಪಂಚಾಯ್ತಿಗೂ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಇಡಬೇಕು. ದಿನಾಂಕ, ಜಾಗ, ಬಗೆಗಳ ಪಟ್ಟಿ, ನೀರಿನ ಉಷ್ಣತೆ, ಹರಿವು ಇಷ್ಟು ಒಂದು ಹಾಳೆಯಲ್ಲಿ ಇದ್ದರೆ ಸಾಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ನಮ್ಮ ಹಳ್ಳ ಹೊತ್ತುಕೊಂಡು ಹೋದದ್ದು ತದಡಿಯ ಅಳಿವೆಯವರೆಗೂ ಹೋಗುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ಬಳಚು ಅನ್ನುವ ಚಿಪ್ಪುಮೀನು ಆರಿಸುವ ಹೆಂಗಸರಿದ್ದಾರೆ. ಅವರಿಗೆ ನಮ್ಮ ಡ್ರಮ್ಮಿನ ಸುದ್ದಿ ಗೊತ್ತಾಗುವ ದಾರಿಯೇ ಇಲ್ಲ.

ಕೆಲಸ ಮುಗಿದ ಮೇಲೆ ತಟ್ಟೆಯ ಜೀವಿಗಳನ್ನು ಹಿಡಿದ ಜಾಗದಲ್ಲೇ ಮೆಲ್ಲಗೆ ಬಿಡಿ. ಕಲ್ಲುಗಳನ್ನು ಮೊದಲು ಹೇಗಿತ್ತೋ ಹಾಗೇ, ಪಾಚಿಯ ಬದಿ ಮೇಲಾಗಿ ಇಡಿ. ಬಟ್ಟೆ, ತಟ್ಟೆ, ಪರದೆ ಮನೆಗೆ ಬಂದು ತೊಳೆಯಿರಿ, ಹಳ್ಳದಲ್ಲಿ ಅಲ್ಲ.

ಮೂರು ಮನೆಯ ಡ್ರಮ್ಮುಗಳನ್ನೂ ಈಗ ತೋಟದ ಮೇಲಿನ ಬೆಟ್ಟದಲ್ಲಿ ತೋಡಿದ ಒಂದು ಗುಂಡಿಯ ಹತ್ತಿರ ತೊಳೆಯುತ್ತೇವೆ. ಹಳ್ಳದಿಂದ ಅಲ್ಲಿಗೆ ನನ್ನ ಹೆಜ್ಜೆಯಲ್ಲಿ ಎಣಿಸಿದರೆ ನೂರಾ ಹತ್ತು ಹೆಜ್ಜೆ.